ದೀಕ್ಷಾಸ್ನಾನ ಶಬ್ದವೂ ಮುಕ್ತಿವಿಚಾರವೂ

ಕರ್ನಾಟಕದ ಉತ್ತರದ ತುದಿಯಲ್ಲಿರುವ ಔರಾದ ಸೀಮೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಂಬ ನಾಲ್ಕು ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವುವು. ೧೯೪೮ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಸೇರಿದ ಬೀದರ ಜಿಲ್ಲೆಗೆ ಸೇರಿದುದು ಈ ಸೀಮೆ. ಈ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯವರು ಕ್ರೈಸ್ತಮತವನ್ನು ಬೋಧಿಸುತ್ತ ಬಂದರು. ಆ ಮತವನ್ನು ಸ್ವೀಕರಿಸಿದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಗಳವರು. ಮತಪ್ರವೇಶದ ಸಂಸ್ಕಾರಕ್ಕೆ ಗ್ರೀಕ್ ಮೂಲದಲ್ಲಿ ಇರುವ ಹೆಸರು 'ಬಾಪ್ತಿಸ್ಮ' ಎಂಬುದು. ಮರಾಠಿಯ ಸತ್ಯವೇದವು ಇದನ್ನು 'ಬಾಪ್ತಿಸ್ಮಾ' ಎಂದೂ, ತೆಲುಗಿನದು 'ಬಾಪ್ತಿಸ್ಮಮು' ಎಂದೂ, ಉರ್ದುವಿನದು 'ಬಪ್ತಿಸ್ಮಾ' ಎಂದೂ ಮೂಲದ ಧ್ವನಿಯನ್ನೇ ಉಳಿಸಿಕೊಂಡಿವೆ. ನಾಲ್ಕರಲ್ಲಿ ಕನ್ನಡವೊಂದೇ ಆ ಶಬ್ದವನ್ನು ಬಿಟ್ಟು, 'ದೀಕ್ಷಾಸ್ನಾನ' ಎಂಬ ಸಂಸ್ಕೃತಸಮಾಸವನ್ನು ಇರಿಸಿಕೊಂಡಿತು.

ಪರಭಾಷೆಯ ಶಬ್ದವನ್ನು ಹಾಗೆಯೇ ಇರಿಸಿಕೊಂಡವರು ಅದರ ಅರ್ಥವನ್ನು ಮುಂದೆ ಬೋಧಕನು ಹೇಳಲೆಂದು ಬಿಟ್ಟುಕೊಟ್ಟವರಾಗುತ್ತಾರೆ. ಅದನ್ನು ಭಾಷಾಂತರಿಸಿದವರಾದರೋ ಆ ಸಂಸ್ಕಾರದ ಸ್ವರೂಪವೇನೆಂಬ ವಿಷಯದಲ್ಲಿ ಒಂದು ಪಕ್ಷವನ್ನು ಹಿಡಿದೇ ತೀರಬೇಕು. ಇದು ಬರಿಯ ಊಹೆಯಲ್ಲ. ಬಂಗಾಳದ ಬ್ಯಾಪ್ಟಿಸ್ಟ್ ಪಂಥದ ಅನುವಾದಕರು ಈ ಶಬ್ದಕ್ಕೆ ನೀರಿನಲ್ಲಿ ಮುಳುಗಿಸುವುದೆಂಬ ಅರ್ಥದ ಪದವನ್ನು ಇಟ್ಟುದಕ್ಕಾಗಿ ಬೈಬಲ್ ಸೊಸೈಟಿಯು ಅವರ ಅನುವಾದಕ್ಕೆ ಕೊಡುತ್ತಿದ್ದ ದ್ರವ್ಯಸಹಾಯವನ್ನು ನಿಲ್ಲಿಸಿತು. ಅದರ ಫಲವಾಗಿ ೧೮೪೦ರಲ್ಲಿ ಇಂಗ್ಲೆಂಡಿನ ಬ್ಯಾಪ್ಟಿಸ್ಟರು ಅನುವಾದಕ್ಕಾಗಿ ತಮ್ಮದೇ ಬೇರೊಂದು ಸಂಸ್ಥೆಯನ್ನು ಕಟ್ಟಿಕೊಂಡರು. ಒಂದು ಶಬ್ದದ ಭಾಷಾಂತರವು ಸಮುದ್ರದ ಆಚೆಯ ಸಭೆಗಳನ್ನು ಎರಡಾಗಿ ಸೀಳಿತೆಂದ ಮೇಲೆ, ಕನ್ನಡದ ಶಬ್ದವನ್ನು ಪರೀಕ್ಷಿಸುವುದು ವ್ಯರ್ಥವಾದ ಶ್ರಮವೆಂದು ಯಾರೂ ಹೇಳಲಾರರು. ಈ ಸಂಸ್ಕಾರವಿಲ್ಲದೆ ಮುಕ್ತಿಯುಂಟೆ, ಇಲ್ಲವೆ ಎಂಬುದು ಕ್ರೈಸ್ತಶಾಸ್ತ್ರದಲ್ಲಿ ಸಾವಿರದ ಆರುನೂರು ವರ್ಷಗಳಿಂದ ನಡೆದುಬಂದ ವಿವಾದ. ಕನ್ನಡದ ಹೆಸರು ಈ ವಿವಾದದಲ್ಲಿ ಯಾವ ಕಡೆ ನಿಲ್ಲುತ್ತದೆ, ಆ ನಿಲುವು ಶಾಸ್ತ್ರಕ್ಕೆ ಒಪ್ಪುವುದೆ ಎಂಬುದೇ ಇಲ್ಲಿಯ ವಿಚಾರ.

೧. ಸಮಾಸವಿಚಾರ

ಕನ್ನಡ ಕ್ರೈಸ್ತರಲ್ಲಿ ಈ ಸಂಸ್ಕಾರಕ್ಕೆ ಮೂರು ಹೆಸರುಗಳು ಬಳಕೆಯಲ್ಲಿವೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ 'ದೀಕ್ಷಾಸ್ನಾನ' ಎಂಬುದೂ, ರೋಮನ್ ಕಥೋಲಿಕರಲ್ಲಿ ಬಹುಕಾಲದಿಂದ 'ಜ್ಞಾನಸ್ನಾನ' ಎಂಬುದೂ, ಅವರದೇ ಈಚಿನ ಬಳಕೆಯಲ್ಲಿ 'ಸ್ನಾನದೀಕ್ಷೆ' ಎಂಬುದೂ ಕಾಣಬರುತ್ತವೆ. ಮೂರೂ ತತ್ಪುರುಷ ಜಾತಿಯ ಸಮಾಸಗಳು. ಈ ಜಾತಿಯಲ್ಲಿ ಉತ್ತರಪದವು ಪ್ರಧಾನವೆಂಬುದು ವ್ಯಾಕರಣವನ್ನು ಬಲ್ಲವರೆಲ್ಲರಿಗೂ ತಿಳಿದದ್ದೇ. ಹೀಗಿರಲು 'ದೀಕ್ಷಾಸ್ನಾನ'ದಲ್ಲಿ ಸ್ನಾನವು ಪ್ರಧಾನ. ದೀಕ್ಷೆಯು ಅದರ ವಿಶೇಷಣ. 'ಸ್ನಾನದೀಕ್ಷೆ'ಯಲ್ಲಿ ದೀಕ್ಷೆಯು ಪ್ರಧಾನ. ಸ್ನಾನವು ಅದರ ಸಾಧನ. ಪದಗಳೆರಡೂ ಅವೇ ಆಗಿದ್ದರೂ ಸ್ಥಾನದ ಮಾರ್ಪಾಟಿನಿಂದ ಅಂಗಾಂಗಿಭಾವವೇ ತಿರುಗುಮುರುಗಾಯಿತು.

'ದೀಕ್ಷಾಸ್ನಾನ'ವನ್ನು ಬಿಡಿಸುವ ಬಗೆಗಳೂ ಎರಡು. ಕುದುರೆಗಾಗಿ ಇಟ್ಟ ಹುಲ್ಲು 'ಅಶ್ವಘಾಸ'ವಾದಂತೆ ದೀಕ್ಷೆಗಾಗಿ ಮಾಡುವ ಸ್ನಾನವು ದೀಕ್ಷಾಸ್ನಾನವೆನ್ನಬಹುದು. ಸೋಮಯಾಗದಲ್ಲಿ ಯಜಮಾನನು ದೀಕ್ಷೆಗೆ ಮುಂಚೆ ಮಾಡುವ ಸ್ನಾನವು ಈ ಬಗೆಯದು. ಅಲ್ಲಿ ಸ್ನಾನವು ಅಂಗಮಾತ್ರವಾಗಿದ್ದು, ದೀಕ್ಷೆಯು ಬೇರೆಯಾದ ಕ್ರಿಯೆಗಳಿಂದ ಸಿದ್ಧಿಸುವುದು. ಇಲ್ಲವೆ, ದೀಕ್ಷೆಯೇ ಆದ ಸ್ನಾನವೆಂದು ಕರ್ಮಧಾರಯವನ್ನು ಹೇಳಬಹುದು. ಆಗ ಸ್ನಾನಕ್ಕೂ ದೀಕ್ಷೆಗೂ ಭೇದವಿಲ್ಲ. ನೀರು ಬಿದ್ದಲ್ಲಿ ದೀಕ್ಷೆಯಾಯಿತು. ಮೊದಲನೆಯ ವಿಗ್ರಹವನ್ನು ಒಪ್ಪಿದವನಿಗೆ ನೀರಿಲ್ಲದೆಯೂ ದೀಕ್ಷೆಯು ಒಂದು ವಿಧವಾಗಿ ಸಂಭವಿಸಬಹುದು. ಎರಡನೆಯದನ್ನು ಒಪ್ಪಿದವನಿಗೆ ಅದು ಸಾಧ್ಯವಿಲ್ಲ. ಒಂದೇ ಸಮಾಸವು ಎರಡು ಪಕ್ಷಗಳಿಗೂ ಎಡೆಗೊಡುವುದು ದೋಷವೆಂದು ಕೆಲವರು ಎಣಿಸಬಹುದಾದರೂ, ಮೂಲಶಾಸ್ತ್ರವೇ ಎರಡು ಪಕ್ಷಗಳನ್ನು ಎಬ್ಬಿಸುವಂತಹದಾಗಿದ್ದರೆ, ಅವೆರಡಕ್ಕೂ ಎಡೆಗೊಟ್ಟ ಶಬ್ದವೇ ಯೋಗ್ಯವಾದ ಭಾಷಾಂತರವೆನ್ನಬೇಕಾಗುತ್ತದೆ.

'ಜ್ಞಾನಸ್ನಾನ'ದ ವಿಷಯ ಬೇರೆ. ಇದು ಕನ್ನಡಕ್ಕೆ ತಮಿಳಿನ ಕಥೋಲಿಕ ಪರಿಭಾಷೆಯೊಡನೆ ಬಂದದ್ದು. ತಮಿಳುನಾಡಿನ ಯೇಸುಸಭೆಯ ಪಾದ್ರಿಗಳು ರೂಢಿಗೆ ತಂದ ಆ ಪರಿಭಾಷೆಯಲ್ಲಿ 'ಜ್ಞಾನ' ಎಂಬ ಪದಕ್ಕೆ ಅರಿವೆಂಬ ಅರ್ಥಕ್ಕಿಂತ ಪಾರಮಾರ್ಥಿಕವೆಂಬ ಅರ್ಥವೇ ಮುಖ್ಯ. ಮಗುವಿನ ಸಂಸ್ಕಾರಕಾಲದಲ್ಲಿ ಹೊಣೆ ನಿಲ್ಲುವ ತಾಯಿಯನ್ನು 'ಜ್ಞಾನತ್ತಾಯ್' ಎಂದು ಕರೆಯುವುದು ಈ ಅರ್ಥದಲ್ಲಿಯೇ. ಕನ್ನಡದಲ್ಲಾದರೋ 'ಜ್ಞಾನ' ಶಬ್ದಕ್ಕೆ ಈ ರೂಢಿಯಿಲ್ಲ. ಆದುದರಿಂದ ಕನ್ನಡಿಗನು ಇದನ್ನು ಜ್ಞಾನವೆಂಬ ಸ್ನಾನವೆಂದೋ ಜ್ಞಾನಪೂರ್ವಕವಾದ ಸ್ನಾನವೆಂದೋ ತಿಳಿಯುತ್ತಾನೆ. ಮೊದಲನೆಯ ರೀತಿಯಲ್ಲಿ ತಿಳಿದರೆ ನೀರು ಬರಿಯ ರೂಪಕವಾಗಿ ಕಳಚಿಹೋಗುವುದು. ಎರಡನೆಯ ರೀತಿಯಲ್ಲಿ ತಿಳಿದರೆ ಅರಿವಿಲ್ಲದ ಶಿಶುವಿಗೆ ಈ ಸಂಸ್ಕಾರವು ಸಲ್ಲದೆ ಹೋಗುವುದು. ಶಿಶುಗಳಿಗೆ ತಪ್ಪದೆ ಸಂಸ್ಕಾರವನ್ನು ಮಾಡಿಸುವ, ನೀರನ್ನು ಎಂದಿಗೂ ಬಿಡದ ಸಭೆಯವರು ಇವೆರಡಕ್ಕೂ ವಿರುದ್ಧವಾದ ಅರ್ಥವನ್ನು ಕೊಡುವ ಹೆಸರನ್ನು ಬಳಸಿದುದು ವಿಚಿತ್ರವಾಗಿದೆ. ನೆರೆಯ ಭಾಷೆಯ ರೂಢಾರ್ಥವು ಶಬ್ದದ ಸಂಗಡ ಪ್ರಯಾಣ ಮಾಡುವುದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಈಚಿನ 'ಸ್ನಾನದೀಕ್ಷೆ'ಯ ಬಳಕೆಯಲ್ಲಿ ಈ ತೊಡಕು ತೋರದು.

೨. ಪೂರ್ವಪಕ್ಷ

ಇನ್ನು ಮುಖ್ಯವಾದ ಸಂಶಯವನ್ನು ಎತ್ತಿಕೊಳ್ಳಬಹುದು. ದೀಕ್ಷಾಸ್ನಾನವು ಮುಕ್ತಿಗೆ ನಿಯತಕಾರಣವೆ, ಅಲ್ಲವೆ? ಕಾರಣವೇ ಹೌದೆಂಬುದು ಒಂದು ಪಕ್ಷ. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಯೇಸುವು ನಿಕೊದೇಮನಿಗೆ, ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರನೆಂಬ ತಾತ್ಪರ್ಯದ ಮಾತನ್ನು ಹೇಳಿದ್ದಾನೆ. ಮಾರ್ಕನ ಸುವಾರ್ತೆಯ ಕೊನೆಯಲ್ಲಿ ನಂಬಿಕೆಯನ್ನೂ ಸ್ನಾನವನ್ನೂ ಕೂಡಿಸಿ ರಕ್ಷಣೆಯ ಫಲವು ಹೇಳಲ್ಪಟ್ಟಿದೆ. ಐದನೆಯ ಶತಮಾನದ ಆರಂಭದಲ್ಲಿ ಆಫ್ರಿಕಾಖಂಡದ ಹಿಪ್ಪೋ ನಗರದ ಅಗಸ್ಟೀನನು, ಪೆಲಾಗಿಯನೊಡನೆ ನಡೆದ ವಾದದಲ್ಲಿ, ಆದಿಪಾಪವು ಹುಟ್ಟಿನಿಂದಲೇ ಎಲ್ಲರಿಗೂ ಅಂಟಿರುವುದರಿಂದ ಸ್ನಾನವಿಲ್ಲದೆ ಸತ್ತ ಶಿಶುವಿಗೂ, ಅತ್ಯಲ್ಪವಾದರೂ ಸರಿಯೆ, ದಂಡನೆಯುಂಟೆಂದು ಸಾಧಿಸಿದನು. ೧೫೩೦ರಲ್ಲಿ ಲೂಥರನ ಕಡೆಯವರು ಆಗ್ಸ್‌ಬರ್ಗಿನಲ್ಲಿ ಒಪ್ಪಿಸಿದ ವಿಶ್ವಾಸಪ್ರಮಾಣದ ಒಂಬತ್ತನೆಯ ವಿಧಿಯೂ, ೧೫೪೭ರಲ್ಲಿ ಅವರನ್ನು ಖಂಡಿಸಿದ ರೋಮನ್ ಕಥೋಲಿಕರ ಟ್ರೆಂಟ್ ಮಹಾಸಭೆಯ ನಿರ್ಣಯವೂ, ಬೇರೆ ವಿಷಯಗಳಲ್ಲಿ ಎಷ್ಟೇ ಹೋರಾಡಿದರೂ, ಈ ಸಂಸ್ಕಾರವು ಮುಕ್ತಿಗೆ ಅವಶ್ಯವೆಂಬುದರಲ್ಲಿ ಏಕಮತವನ್ನು ತೋರಿಸುತ್ತವೆ.

ಈ ಪಕ್ಷದ ಹುರುಳು ಕನ್ನಡನಾಡಿನ ಪಂಡಿತರಿಗೆ ಅಪರಿಚಿತವಲ್ಲ. ಶೈವಸಿದ್ಧಾಂತದ ಆಚಾರ್ಯರಾದ ಸದ್ಯೋಜ್ಯೋತಿ, ರಾಮಕಂಠ ಮೊದಲಾದವರ ಮತದಲ್ಲಿ ಮಲವೆಂಬುದು ಅಜ್ಞಾನಮಾತ್ರವಾಗಿರದೆ ಒಂದು ದ್ರವ್ಯವಾಗಿದೆ. ದ್ರವ್ಯವನ್ನು ಜ್ಞಾನವು ತೊಲಗಿಸಲಾರದು. ಕಣ್ಣಿಗೆ ಪೊರೆ ಬಂದವನು ತನಗೆ ಪೊರೆಯಿದೆಯೆಂದು ಎಷ್ಟು ಚೆನ್ನಾಗಿ ಅರಿತರೂ ಅದು ಹೋಗದು; ವೈದ್ಯನ ಶಸ್ತ್ರಕ್ರಿಯೆಯೇ ಬೇಕು. ಹಾಗೆಯೇ ಮಲಕ್ಷಯಕ್ಕೆ ದೀಕ್ಷೆಯೆಂಬ ಕ್ರಿಯೆಯೇ ಸಾಧನ. ಅಗಸ್ಟೀನನ ಆದಿಪಾಪವನ್ನು ಈ ಮಲದ ಸ್ಥಾನದಲ್ಲಿಟ್ಟು ನೋಡಿದರೆ, ಶಿಶುವಿಗೂ ಸಂಸ್ಕಾರವು ಏಕೆ ಬೇಕೆಂಬುದು ಸುಲಭವಾಗಿ ತಿಳಿಯುವುದು. ವ್ರತನಿಯಮಗಳನ್ನು ಪಾಲಿಸಲಾರದ ಬಾಲಕರಿಗೂ ವೃದ್ಧರಿಗೂ ರೋಗಿಗಳಿಗೂ ಆಗಮಗಳು ನಿರ್ಬೀಜದೀಕ್ಷೆಯನ್ನು ಹೇಳಿರುವುದೂ ಇದೇ ನ್ಯಾಯದಿಂದ. ಭಾಲ್ಕಿ, ಕಲ್ಯಾಣಗಳ ಸುತ್ತಿನ ವೀರಶೈವರಲ್ಲಿ ಹುಟ್ಟಿದ ಕೂಸಿಗೆ ಲಿಂಗವನ್ನು ಕಟ್ಟಿ, ಅದು ಬೆಳೆದ ಮೇಲೆ ಮತ್ತೆ ದೀಕ್ಷೆಯನ್ನು ಕೊಡುವ ಸಂಪ್ರದಾಯಕ್ಕೂ, ಶಿಶುವಿಗೆ ಸ್ನಾನವನ್ನು ಮಾಡಿಸಿ, ಪ್ರಾಯಕ್ಕೆ ಬಂದ ಮೇಲೆ ಸ್ಥಿರೀಕರಣವನ್ನು ಮಾಡುವ ಕ್ರೈಸ್ತಸಂಪ್ರದಾಯಕ್ಕೂ ಹೊರನೋಟಕ್ಕೇ ಹೋಲಿಕೆ ಕಾಣುವುದು.

೩. ಪ್ರತಿಪಕ್ಷ

ಕಾರ್ಯಕ್ಕೆ ನಿಯಮೇನ ಮೊದಲೇ ಇರತಕ್ಕದ್ದು ಕಾರಣವೆಂದು ತಾರ್ಕಿಕರು ಲಕ್ಷಣವನ್ನು ಹೇಳುತ್ತಾರೆ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಅದಿಲ್ಲದಲ್ಲಿ ಕಾರ್ಯವಿರಬಾರದು. ಕ್ರೈಸ್ತರ ಶಾಸ್ತ್ರದಲ್ಲಿಯೇ ಈ ಎರಡು ನಿಯಮಗಳೂ ಮುರಿದುಬೀಳುವ ಕಥೆಗಳಿವೆಯೆಂದು ಪ್ರತಿಪಕ್ಷದವರು ಹೇಳುತ್ತಾರೆ. ಸಮಾರ್ಯದ ಮಂತ್ರವಾದಿ ಸೀಮೋನನು ಸ್ನಾನವನ್ನು ಹೊಂದಿದ ಬಳಿಕವೂ ದೇವರ ವರವನ್ನು ಹಣಕ್ಕೆ ಕೊಳ್ಳಲು ಬಂದು ಪೇತ್ರನಿಂದ ಶಪಿಸಲ್ಪಟ್ಟನು. ಇಲ್ಲಿ ಸಾಧನವಿದ್ದರೂ ಫಲವಿಲ್ಲ. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿಗೆ ಅದೇ ದಿನ ಪರದೈಸವು ವಾಗ್ದತ್ತವಾಯಿತು; ಅವನಿಗೆ ಯಾರೂ ಸ್ನಾನವನ್ನು ಮಾಡಿಸಲಿಲ್ಲ. ಇಲ್ಲಿ ಸಾಧನವಿಲ್ಲದೆಯೂ ಫಲವುಂಟು. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ, ತನ್ನನ್ನು ಕಳುಹಿಸಿದುದು ಸ್ನಾನಮಾಡಿಸುವುದಕ್ಕಲ್ಲ, ಸುವಾರ್ತೆಯನ್ನು ಸಾರುವುದಕ್ಕೆ ಎಂದು ತಾನೇ ಹೇಳಿಕೊಂಡಿದ್ದಾನೆ. ಈ ಆಧಾರಗಳ ಮೇಲೆಯೇ ಹದಿನೇಳನೆಯ ಶತಮಾನದ ಕ್ವೇಕರರು ನೀರಿನ ಸಂಸ್ಕಾರವನ್ನೇ ಕೈಬಿಟ್ಟರು. ೧೮೮೩ರಲ್ಲಿ ವಿಲಿಯಂ ಬೂತನ ರಕ್ಷಣಾಸೈನ್ಯವೂ ಹಾಗೆಯೇ ಮಾಡಿತು.

ಇದಕ್ಕೆ ಪೂರ್ವಪಕ್ಷದವರ ಸಮಾಧಾನವುಂಟು. ಕಳ್ಳನು ಸತ್ತದ್ದು, ಎಲ್ಲ ಜನಾಂಗಗಳಿಗೂ ಸ್ನಾನಮಾಡಿಸಿರೆಂಬ ಆಜ್ಞೆಯು ಹೊರಡುವುದಕ್ಕೆ ಮುಂಚೆ. ವಿಧಿಯು ಹುಟ್ಟುವ ಮೊದಲು ವಿಧಿಲೋಪದ ದೋಷವೆಲ್ಲಿಯದು? ಸೀಮೋನನಲ್ಲಿ ಸಾಧನವಿದ್ದರೂ ದುರಾಶೆಯೆಂಬ ಪ್ರತಿಬಂಧಕವಿತ್ತು. ಮಣಿಯ ಪ್ರಭಾವದಿಂದ ಬೆಂಕಿಯು ಸುಡದಿದ್ದರೆ ಬೆಂಕಿಗೆ ದಾಹಕಶಕ್ತಿಯಿಲ್ಲವೆಂದಂತಾಗದು. ಪ್ರತಿಬಂಧಕದ ಈ ಯುಕ್ತಿಯನ್ನು ಯುರೋಪಿನ ಮಧ್ಯಯುಗದ ಶಾಸ್ತ್ರಕಾರರೂ ಸ್ವತಂತ್ರವಾಗಿಯೇ ಕಂಡುಕೊಂಡು ಪ್ರಯೋಗಿಸಿದರೆಂಬುದು ಗಮನಿಸತಕ್ಕದ್ದು. ಆದುದರಿಂದ ಕಳ್ಳನ ಕಥೆಯಿಂದಾಗಲಿ ಸೀಮೋನನ ಕಥೆಯಿಂದಾಗಲಿ ವಿಷಯವು ತೀರ್ಮಾನವಾಗುವುದಿಲ್ಲ.

೪. ಸಿದ್ಧಾಂತ

ತೀರ್ಮಾನಕ್ಕೆ ಆಧಾರವಾಗತಕ್ಕ ಕಥೆಯು ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿದೆ. ಪೇತ್ರನು ಕೈಸರೈಯದಲ್ಲಿ ಕೊರ್ನೇಲ್ಯನೆಂಬ ಅನ್ಯದೇಶೀಯನಾದ ಶತಾಧಿಪತಿಯ ಮನೆಯಲ್ಲಿ ಇನ್ನೂ ಮಾತನಾಡುತ್ತಿರುವಾಗಲೇ ಕೇಳುತ್ತಿದ್ದವರೆಲ್ಲರ ಮೇಲೆ ಪವಿತ್ರಾತ್ಮನು ಇಳಿದನು. ಅದನ್ನು ಕಂಡ ಪೇತ್ರನು, ಇಂಥವರಿಗೆ ನೀರನ್ನು ಯಾರು ತಡೆಯಬಲ್ಲರೆಂದು ಕೇಳಿ, ಆ ಬಳಿಕ ಅವರಿಗೆ ಸ್ನಾನವನ್ನು ವಿಧಿಸಿದನು. ಈ ಕಥೆ ನಡೆದದ್ದು ಆಜ್ಞೆಯಾದ ಮೇಲೆ. ಆದುದರಿಂದ ಕಳ್ಳನ ವಿಷಯದಲ್ಲಿ ಹೇಳಿದ ಸಮಾಧಾನವು ಇಲ್ಲಿ ನಿಲ್ಲದು. ಸ್ನಾನಕ್ಕೆ ಮೊದಲೇ ಆತ್ಮದ ವರವು ಬಂದುದರಿಂದ ಸ್ನಾನವು ಅದಕ್ಕೆ ಪೂರ್ವವೃತ್ತಿಯಲ್ಲ, ಪೂರ್ವವೃತ್ತಿಯಲ್ಲದ್ದು ನಿಯತಕಾರಣವಾಗಲಾರದು. ಇಳಿದದ್ದು ವರಮಾತ್ರ, ಮುಕ್ತಿಯಲ್ಲವೆಂದು ಯಾರಾದರೂ ಹೇಳಿದರೆ, ಮುಂದಿನ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯು ಇದೇ ಸಂಗತಿಯನ್ನು ಕೇಳಿ, ಅನ್ಯಜನರಿಗೂ ಜೀವವನ್ನು ಕೊಡುವ ಪರಿವರ್ತನೆಯನ್ನು ದೇವರು ಅನುಗ್ರಹಿಸಿದನೆಂದು ಒಪ್ಪಿದುದೇ ಅದಕ್ಕೆ ಉತ್ತರ. ಆದರೆ ಫಲವು ಸಿದ್ಧಿಸಿತೆಂದು ಪೇತ್ರನು ಸ್ನಾನವನ್ನು ಬಿಡಲಿಲ್ಲ. ಫಲವು ಸಿದ್ಧಿಸಿತೆಂಬುದನ್ನೇ ಹೇತುವಾಗಿ ಮಾಡಿ ಸ್ನಾನವನ್ನು ವಿಧಿಸಿದನು. ಹೀಗೆ ಈ ಒಂದು ಕಥೆಯು ಸ್ನಾನವು ನಿಯತಕಾರಣವೆಂಬ ಪಕ್ಷವನ್ನೂ, ಸ್ನಾನವು ವ್ಯರ್ಥವೆಂಬ ಪಕ್ಷವನ್ನೂ ಒಟ್ಟಿಗೆ ನಿರಾಕರಿಸುತ್ತದೆ.

ಮಾರ್ಕನ ವಾಕ್ಯವನ್ನೂ ಸೂಕ್ಷ್ಮವಾಗಿ ನೋಡಬೇಕು. ಅದರ ಪೂರ್ವಾರ್ಧವು ನಂಬಿಕೆ, ಸ್ನಾನ ಎರಡನ್ನೂ ಹೇಳಿದರೆ ಉತ್ತರಾರ್ಧವು ನಂಬದವನಿಗೆ ಮಾತ್ರ ದಂಡನೆಯನ್ನು ಹೇಳುವುದು. ಸ್ನಾನವಾಗದವನ ಮಾತೇ ಅಲ್ಲಿಲ್ಲ. ಅನ್ವಯದಲ್ಲಿ ಎರಡನ್ನು ಹೇಳಿ ವ್ಯತಿರೇಕದಲ್ಲಿ ಒಂದನ್ನೇ ಹೇಳಿದರೆ, ಆ ಒಂದೇ ಪ್ರಧಾನ, ಇನ್ನೊಂದು ಅದರ ಅಂಗ ಎಂದು ತಿಳಿಯುವುದು ಮೀಮಾಂಸೆಯ ಮರ್ಯಾದೆಗೆ ಒಪ್ಪುವಂತಹದು. ಅಲ್ಲದೆ, ಆ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳು ನಾಲ್ಕನೆಯ ಶತಮಾನದ ಎರಡು ಪ್ರಾಚೀನ ಪ್ರತಿಗಳಲ್ಲಿ ಇಲ್ಲದಿರುವುದರಿಂದ, ಅವುಗಳ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಪಾಠಶೋಧನವನ್ನು ಬಲ್ಲವರ ಮಾರ್ಗವಲ್ಲ. ನಿಕೊದೇಮನ ಪ್ರಸಂಗದಲ್ಲಿಯೂ ನೀರು, ಆತ್ಮ ಎಂಬ ಸಮುಚ್ಚಯವು ಒಂದು ಸಲ ಬಂದಿದ್ದು, ಮುಂದಿನ ವಾಕ್ಯಗಳಲ್ಲಿ ಆತ್ಮವೊಂದೇ ಉಳಿದಿದೆ. ಈ ಕಾರಣದಿಂದಲೇ ಹದಿನಾರನೆಯ ಶತಮಾನದ ಕಾಲ್ವಿನನು ಅಲ್ಲಿಯ ನೀರನ್ನು ಆತ್ಮದ ಶೋಧಕಶಕ್ತಿಯನ್ನು ಹೇಳುವ ವಿಶೇಷಣವೆಂದೇ ವ್ಯಾಖ್ಯಾನಿಸಿದನು. ಅವನ ಮತವು ಕ್ಲಿಷ್ಟವೆನಿಸಿದರೂ ವಾಕ್ಯಶೇಷದ ಬಲವು ಅದಕ್ಕುಂಟು.

ಹಾಗಾದರೆ ಅವಶ್ಯವೆಂಬ ಮಾತಿಗೆ ಅರ್ಥವೇನು? ಅವಶ್ಯಕತೆಯು ಎರಡು ಬಗೆ. ಹೊಳೆಯನ್ನು ದಾಟಲು ಹರಿಗೋಲು ಬೇಕೆಂಬುದು ಉಪಾಯದಿಂದ ಬಂದ ಅವಶ್ಯಕತೆ; ಅದು ಇಲ್ಲವಾದರೆ, ಯಾರ ತಪ್ಪಿನಿಂದ ಇಲ್ಲವಾಯಿತೆಂದು ಹೊಳೆಯು ಕೇಳದು. ಸಂಧ್ಯೆಯನ್ನು ಮಾಡಬೇಕೆಂಬುದು ವಿಧಿಯಿಂದ ಬಂದ ಅವಶ್ಯಕತೆ. ಜ್ವರದಿಂದ ಮಲಗಿದವನು ಅದನ್ನು ಬಿಟ್ಟರೆ ಪ್ರತ್ಯವಾಯವಿಲ್ಲ, ಶಕ್ತನಾಗಿದ್ದು ತಿರಸ್ಕರಿಸಿದವನಿಗೆ ಉಂಟು. ರೋಮನ್ ಶಾಸ್ತ್ರಕಾರರೂ ಈ ಎರಡು ಭೇದಗಳನ್ನು ಹೆಸರಿಟ್ಟು ವಿಂಗಡಿಸಿದ್ದಾರೆ. ಕಾಮ್ಯಕರ್ಮವು ಸಮಸ್ತ ಅಂಗಗಳು ಕೂಡಿದಲ್ಲದೆ ಫಲವನ್ನು ಕೊಡದೆಂದೂ, ನಿತ್ಯಕರ್ಮವನ್ನು ಯಥಾಶಕ್ತಿಯಾಗಿ ಮಾಡಿದರೆ ಸಾಕೆಂದೂ ಜೈಮಿನಿಯ ಆರನೆಯ ಅಧ್ಯಾಯದಲ್ಲಿ ನಿರ್ಣಯವಾಗಿರುವುದು ಇಲ್ಲಿ ಸ್ಮರಣೀಯ. ದೀಕ್ಷಾಸ್ನಾನವನ್ನು ಹರಿಗೋಲೆಂದು ಎಣಿಸಿದರೆ ಅಗಸ್ಟೀನನ ಕಠಿನವಾದ ನಿರ್ಣಯವನ್ನು ಒಪ್ಪಬೇಕಾಗುವುದು. ನಿತ್ಯವಿಧಿಯೆಂದು ಎಣಿಸಿದರೆ ಕಳ್ಳ, ಕೊರ್ನೇಲ್ಯ, ಸೀಮೋನ ಎಂಬ ಮೂರು ಕಥೆಗಳೂ ವಿರೋಧವಿಲ್ಲದೆ ಹೊಂದಿಕೊಳ್ಳುವುವು.

ಸಭೆಗಳ ನಡೆವಳಿಕೆಯೂ ಕ್ರಮವಾಗಿ ಈ ಎರಡನೆಯ ದಾರಿಯನ್ನೇ ಹಿಡಿಯಿತು. ೩೯೨ರಲ್ಲಿ ಎರಡನೆಯ ವಾಲೆಂಟೀನಿಯನ್ ಚಕ್ರವರ್ತಿಯು ಸ್ನಾನವನ್ನು ಅಪೇಕ್ಷಿಸಿದ್ದರೂ ಅದನ್ನು ಹೊಂದದೆ ಮಡಿದಾಗ, ಮಿಲಾನಿನ ಆಂಬ್ರೋಸನು ಅವನ ಉತ್ತರಕ್ರಿಯೆಯ ಉಪನ್ಯಾಸದಲ್ಲಿ, ಅಪೇಕ್ಷೆಯೇ ಅವನಿಗೆ ಸ್ನಾನವಾಯಿತೆಂಬ ಅಭಿಪ್ರಾಯವನ್ನು ಪ್ರಕಟಿಸಿದನು. ಮತಕ್ಕಾಗಿ ಪ್ರಾಣವನ್ನು ಕೊಟ್ಟವನಿಗೆ ರಕ್ತವೇ ಸ್ನಾನವೆಂಬುದು ಅದಕ್ಕಿಂತಲೂ ಹಳೆಯ ಮತ. ಹೀಗೆ ಜಲಸ್ನಾನ, ರಕ್ತಸ್ನಾನ, ಇಚ್ಛಾಸ್ನಾನ ಎಂದು ಮೂರಾದುವು. ಧರ್ಮಶಾಸ್ತ್ರದಲ್ಲಿ ಮಾಂತ್ರ, ಭೌಮ, ಆಗ್ನೇಯ, ವಾಯವ್ಯ, ದಿವ್ಯ, ವಾರುಣ, ಮಾನಸ ಎಂದು ಏಳು ಸ್ನಾನಗಳನ್ನು ಹೇಳಿ, ನೀರಿನಲ್ಲಿ ಮೀಯಲು ಆಗದವನಿಗೆ ಉಳಿದುವನ್ನು ಅನುಕಲ್ಪವಾಗಿ ಕೊಟ್ಟಿರುವುದನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಅವಶ್ಯವೆಂದು ಕಟ್ಟುನಿಟ್ಟಾಗಿ ಸಾರಿದ ಟ್ರೆಂಟ್ ಮಹಾಸಭೆಯೇ, ಸ್ನಾನ ಅಥವಾ ಅದರ ಅಪೇಕ್ಷೆ ಎಂದು ವಿಕಲ್ಪವನ್ನು ಇಟ್ಟಿತು. ೧೯೯೨ರ ಕಥೋಲಿಕ ಧರ್ಮೋಪದೇಶಗ್ರಂಥವು, ದೇವರು ಮುಕ್ತಿಯನ್ನು ಈ ಸಂಸ್ಕಾರಕ್ಕೆ ಕಟ್ಟಿದ್ದರೂ ತಾನು ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲವೆಂಬ ಸಿದ್ಧಾಂತವನ್ನು ಹೇಳಿ, ಸ್ನಾನವಿಲ್ಲದೆ ಸತ್ತ ಶಿಶುಗಳನ್ನು ಅವನ ಕರುಣೆಗೆ ಒಪ್ಪಿಸುವುದು. ಪ್ರಾಟೆಸ್ಟಂಟರಲ್ಲಿಯೂ ೧೬೪೭ರ ವೆಸ್ಟ್‌ಮಿನ್ಸ್ಟರ್ ವಿಶ್ವಾಸಪ್ರಮಾಣವು, ಈ ಸಂಸ್ಕಾರವನ್ನು ತಿರಸ್ಕರಿಸುವುದು ಮಹಾಪಾಪವಾದರೂ ಇದಿಲ್ಲದವರೆಲ್ಲರೂ ಕೆಟ್ಟರೆಂದಾಗಲಿ, ಇದಾದವರೆಲ್ಲರೂ ಉದ್ಧಾರವಾದರೆಂದಾಗಲಿ ಹೇಳಲಾಗದೆಂದು ನಿರ್ಣಯಿಸಿತು. ಬೀದರ ಸೀಮೆಯ ಮೆಥಡಿಸ್ಟರಿಗೆ ಮೂಲಪುರುಷನಾದ ಜಾನ್ ವೆಸ್ಲಿಯು ೧೭೬೦ರ ಒಂದು ಉಪನ್ಯಾಸದಲ್ಲಿ ಹೊಸಹುಟ್ಟೂ ಸ್ನಾನವೂ ಒಂದೇ ಅಲ್ಲವೆಂದು ವಿಂಗಡಿಸಿದನು. ೧೭೮೪ರಲ್ಲಿ ಅಮೆರಿಕದ ಸಭೆಗೆ ಅವನು ಕಳುಹಿಸಿದ ವಿಧಿಗಳಲ್ಲಿ ಸ್ನಾನವು ಮತಸ್ವೀಕಾರದ ಗುರುತೂ ಹೊಸಹುಟ್ಟಿನ ಸಂಕೇತವೂ ಆಗಿ ನಿಂತಿದೆ.

೫. ಪ್ರಯೋಜನ

ನಿತ್ಯವಿಧಿಯೆಂದು ನಿರ್ಣಯವಾದರೆ, ಶಕ್ತನು ಯಾರು, ಅಶಕ್ತನು ಯಾರು ಎಂಬ ಪ್ರಶ್ನೆಯು ಮೇಲೇಳುವುದು. ಈ ಪ್ರಶ್ನೆಯು ಕೇರಿಯ ಮನೆಗಳಲ್ಲಿ ಶಾಸ್ತ್ರವಿನೋದವಲ್ಲ. ೧೯೫೦ರ ಪರಿಶಿಷ್ಟ ಜಾತಿಗಳ ರಾಷ್ಟ್ರಪತ್ಯಾಜ್ಞೆಯ ಮೂರನೆಯ ಪರಿಚ್ಛೇದದಂತೆ, ಹಿಂದೂ ಮತಸ್ಥರಿಗೂ, ೧೯೫೬ರ ತಿದ್ದುಪಡಿಯಿಂದ ಸಿಖ್ಖರಿಗೂ, ೧೯೯೦ರದರಿಂದ ಬೌದ್ಧರಿಗೂ ಆ ಜಾತಿಗಳ ಹಕ್ಕುಂಟು, ಕ್ರೈಸ್ತರಿಗಿಲ್ಲ. ಕೋಲಾರದ ಚಿನ್ನದ ಗಣಿಯ ಮೀಸಲು ಕ್ಷೇತ್ರದ ಚುನಾವಣಾವ್ಯಾಜ್ಯದಲ್ಲಿ, ಅಭ್ಯರ್ಥಿಯೊಬ್ಬನು ೧೯೪೯ರಲ್ಲಿ ಕ್ರೈಸ್ತನಾದನೆಂಬ ಸಂಗತಿಯು ಸರ್ವೋಚ್ಚ ನ್ಯಾಯಾಲಯದ ವರೆಗೂ ಚರ್ಚೆಯ ವಿಷಯವಾಯಿತು. ೨೦೨೪ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣವನ್ನು ತೀರ್ಮಾನಿಸುವಾಗ ಅದೇ ನ್ಯಾಯಾಲಯವು, ಶೈಶವದಲ್ಲಿ ನಡೆದ ದೀಕ್ಷಾಸ್ನಾನವನ್ನೂ ಮುಂದಿನ ಮತಾಚರಣೆಯನ್ನೂ ಸಾಕ್ಷ್ಯವಾಗಿ ಎಣಿಸಿ, ಜಾತಿಪತ್ರವನ್ನು ನಿರಾಕರಿಸಿದುದನ್ನು ಎತ್ತಿಹಿಡಿಯಿತು. ಮನಸ್ಸಿನ ನಂಬಿಕೆಗೆ ಲಿಖಿತವಿಲ್ಲ. ಸ್ನಾನಕ್ಕೆ ಸಭೆಯ ದಫ್ತರದಲ್ಲಿ ದಾಖಲೆಯುಂಟು. ಹೀಗಿರಲು ಯೇಸುವನ್ನು ನಂಬಿಯೂ ನೀರನ್ನು ಹೊಂದದೆ ನಿಂತವರು ದಕ್ಷಿಣಭಾರತದಲ್ಲಿ ಹಲವರಿರುವುದು ಆಶ್ಚರ್ಯವಲ್ಲ. ಮದರಾಸು ಪ್ರಾಂತದ ಇಂತಹ ಭಕ್ತರನ್ನು ಕುರಿತು ಹರ್ಬರ್ಟ್ ಹೋಫರನು ೧೯೯೧ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು.

ಇವರು ಶಕ್ತರಾಗಿದ್ದು ತಿರಸ್ಕರಿಸಿದವರೆ, ಅಶಕ್ತರೆ? ೧೯೭೦ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿದ್ದ ಎಂ. ಎಂ. ಥಾಮಸರಿಗೂ ಬಿಷಪ್ ಲೆಸ್ಲಿ ನ್ಯೂಬಿಗಿನ್ನರಿಗೂ ನಡೆದ ವಾದವು ಈ ಪ್ರಶ್ನೆಯನ್ನೇ ಸುತ್ತಿಕೊಂಡಿತ್ತು. ಕ್ರಿಸ್ತಭಕ್ತರ ಬಳಗವು ಹಿಂದೂ ಸಮಾಜದ ಒಳಗೇ ಇರಬಹುದೆಂದೂ, ಸ್ನಾನವು ಒಂದು ಕೋಮಿನಿಂದ ಇನ್ನೊಂದು ಕೋಮಿಗೆ ದಾಟುವ ಗಡಿಯಾಗಬಾರದೆಂದೂ ಥಾಮಸರ ಆಶಯ. ಕಣ್ಣಿಗೆ ಕಾಣುವ ಕೂಟವಿಲ್ಲದ ಭಕ್ತಿಯು ನೆಲೆ ನಿಲ್ಲದೆಂದು ನ್ಯೂಬಿಗಿನ್ನರ ಆಕ್ಷೇಪ. ಇಬ್ಬರೂ ಸ್ನಾನವನ್ನು ಮುಕ್ತಿಯ ಹರಿಗೋಲೆಂದು ವಾದಿಸಲಿಲ್ಲ. ಅವರ ವಿವಾದವೆಲ್ಲ ಕೂಟವನ್ನು ಕುರಿತದ್ದು. ಇಲ್ಲಿಗೆ ಬಂದಾಗ 'ದೀಕ್ಷೆ' ಎಂಬ ಪೂರ್ವಪದದ ಬೆಲೆಯು ತಿಳಿಯುವುದು.

ಧಾತುಪಾಠದಲ್ಲಿ ದೀಕ್ಷ್ ಧಾತುವಿಗೆ ಮುಂಡನ, ಯಜನ, ಉಪನಯನ, ನಿಯಮ, ವ್ರತಾದೇಶ ಎಂಬ ಅರ್ಥಗಳುಂಟು. ಉಪನಯನ, ವ್ರತಾದೇಶಗಳು ಒಬ್ಬನಿಂದ ಆಗತಕ್ಕವಲ್ಲ. ಕರೆದುಕೊಳ್ಳುವವನೂ ಆದೇಶಿಸುವವನೂ ಬೇಕು. ಆಗಮಕಾರರು ದೀಕ್ಷಾಶಬ್ದವನ್ನು ಕೊಡುವುದು, ಕೆಡಿಸುವುದು ಎಂಬ ಎರಡು ಕ್ರಿಯೆಗಳಾಗಿ ನಿರ್ವಚನ ಮಾಡಿ, ಗುರುವು ಜ್ಞಾನವನ್ನು ಕೊಟ್ಟು ಪಾಶವನ್ನು ಕೆಡಿಸುವನೆಂದರು. ಎರಡು ಕ್ರಿಯೆಗಳಿಗೂ ಕರ್ತನು ಗುರುವೇ ಹೊರತು ಶಿಷ್ಯನಲ್ಲ. ವೀರಶೈವರು ವೇಧಾ, ಮಂತ್ರ, ಕ್ರಿಯಾ ಎಂದು ದೀಕ್ಷೆಯನ್ನು ಮೂರಾಗಿ ಮಾಡಿ, ಹೊರಗಿನ ಇಷ್ಟಲಿಂಗವನ್ನು ಕ್ರಿಯಾದೀಕ್ಷೆಗೆ, ಒಳಗಿನ ಪ್ರಾಣಭಾವಲಿಂಗಗಳನ್ನು ಉಳಿದೆರಡಕ್ಕೆ ಹೊಂದಿಸಿದರು. ಒಳಗಿನದು ಹಿರಿದೆಂದು ಹೊರಗಿನದನ್ನು ಬಿಡಲಿಲ್ಲ. ಆ ದೀಕ್ಷೆಯ ಪರೀಕ್ಷೆಯಾದುದು ಕಲ್ಯಾಣದಲ್ಲಿ. ಸಮಗಾರನಾದ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವಯ್ಯನ ಮಗಳಿಗೂ ಶರಣರು ಮದುವೆಯನ್ನು ಒಪ್ಪಿದರೆಂದೂ, ಅದಕ್ಕಾಗಿ ಹಿರಿಯರಿಬ್ಬರೂ ಪ್ರಾಣವನ್ನು ತೆತ್ತರೆಂದೂ ಶರಣಪರಂಪರೆಯು ಹೇಳುವುದು. ದೀಕ್ಷೆಯಾದ ಮೇಲೆ ಪೂರ್ವಜಾತಿಯನ್ನು ಕೇಳಬಾರದೆಂಬುದನ್ನು ಅವರು ಮಾತಿನಲ್ಲಿ ಬಿಡದೆ ನಡೆದು ತೋರಿಸಿದರು. ೧೬೯೯ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರು ಖಾಲ್ಸಾ ದೀಕ್ಷೆಯನ್ನು ಕೊಟ್ಟ ಐವರಲ್ಲಿ ಬೀದರದ ಕ್ಷೌರಿಕನಾದ ಸಾಹಿಬ್‌ಚಂದನೂ ಒಬ್ಬನು. ಐವರೂ ಒಂದೇ ಪಾತ್ರೆಯ ಅಮೃತವನ್ನು ಕುಡಿದರು. ಆಮೇಲೆ ಗುರುವೇ ಅವರ ಕೈಯಿಂದ ಅದನ್ನು ಬೇಡಿ ಸ್ವೀಕರಿಸಿದನು. ಈ ಎರಡು ಕಥೆಗಳಲ್ಲಿಯೂ ದೀಕ್ಷೆಯ ಭಾರವು ಪಡೆದವನಿಗಿಂತ ಹೆಚ್ಚಾಗಿ ಕೊಟ್ಟವರ ಮೇಲೆ ಬಿದ್ದಿದೆ.

ಆದುದರಿಂದ ಶಕ್ತಾಶಕ್ತವಿಚಾರವನ್ನು ಕೇವಲ ಪಡೆಯುವವನ ಕಡೆಯಿಂದ ಮಾಡುವುದು ನ್ಯಾಯವಲ್ಲ. ಸ್ನಾನವಾದ ಮೇಲೆಯೂ ಸಭೆಯಲ್ಲಿ ಹಳೆಯ ಜಾತಿಯೇ ಎಣಿಕೆಗೆ ಬಂದು, ಪಂಕ್ತಿಯೂ ಮದುವೆಯೂ ಗೋರಿಯ ನೆಲವೂ ಬೇರೆಬೇರೆಯಾಗಿಯೇ ಉಳಿದರೆ, ಅಲ್ಲಿ ನೀರು ಬಿದ್ದಿತು, ದೀಕ್ಷೆಯಾಗಲಿಲ್ಲ, ವೈಗುಣ್ಯವು ಕರ್ತೃವಿನದು. ಅಂತಹ ಸಭೆಯು, ಹೊರಗೆ ನಿಂತ ಭಕ್ತನಿಗೆ ಮುಕ್ತಿಯಿಲ್ಲವೆಂದು ಹೆದರಿಸಲು ಅಧಿಕಾರವನ್ನು ಕಳೆದುಕೊಂಡಿದೆ. ಕೂಟವು ನಿಜವಾದ ಕೂಟವಾಗಿದ್ದಲ್ಲಿ ಮಾತ್ರ, ಹಕ್ಕಿನ ನಷ್ಟವನ್ನು ತಾಳಿ ಬಾ ಎಂದು ಕರೆಯಲು ಅದಕ್ಕೆ ಬಾಯಿಯುಂಟು. ಹಾಗೆ ಕರೆದಾಗಲೂ, ಆ ನಷ್ಟವನ್ನು ಹಂಚಿಕೊಳ್ಳುವ ಹೊಣೆಯು ಕರೆದವರದೇ. ಕೊರ್ನೇಲ್ಯನ ಮನೆಯಲ್ಲಿ ಪೇತ್ರನ ಪ್ರಶ್ನೆಯು ಸ್ನಾನವನ್ನು ಪಡೆಯುವವರಿಗಲ್ಲ, ನೀರನ್ನು ತಡೆಯಬಹುದಾದ ತನ್ನ ಕಡೆಯವರಿಗೆ ಕೇಳಿದುದೆಂಬುದನ್ನು ವ್ಯಾಖ್ಯಾನಕಾರರು ಮರೆಯಬಾರದು. ಸ್ನಾನವಾದ ಬಳಿಕ ಅವನು ಆ ಅನ್ಯಜನರ ಮನೆಯಲ್ಲಿ ಕೆಲವು ದಿವಸ ನಿಂತನೆಂದೂ, ಅವರ ಸಂಗಡ ಉಂಡುದಕ್ಕಾಗಿ ಯೆರೂಸಲೇಮಿನಲ್ಲಿ ಆಕ್ಷೇಪಕ್ಕೆ ಗುರಿಯಾದನೆಂದೂ ಅದೇ ಗ್ರಂಥವು ಹೇಳುವುದು.

ಇಷ್ಟರಿಂದ ಶಬ್ದದ ವಿಷಯದಲ್ಲಿ ನಿರ್ಣಯವು ಹೀಗಾಗುವುದು. ಅಂಗವನ್ನು ಪ್ರಧಾನದ ಸ್ಥಾನದಲ್ಲಿರಿಸಿದ ಅಲ್ಪದೋಷವು 'ದೀಕ್ಷಾಸ್ನಾನ'ದಲ್ಲಿದ್ದರೂ, ದೀಕ್ಷೆಗಾಗಿ ಸ್ನಾನವೆಂಬ ವಿಗ್ರಹವನ್ನು ಹಿಡಿದರೆ ಅದು ಮೂಲಶಾಸ್ತ್ರಕ್ಕೆ ಒಪ್ಪುವುದು. 'ಸ್ನಾನದೀಕ್ಷೆ'ಯು ಅದಕ್ಕಿಂತಲೂ ನೇರವಾದ ಮಾತು. 'ಜ್ಞಾನಸ್ನಾನ'ವನ್ನು ಹಳೆಯ ಗ್ರಂಥಗಳಲ್ಲಿ ಓದಿಸುವ ಅಧ್ಯಾಪಕರು ಅದರ ತಮಿಳು ರೂಢಿಯನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು; ಕೋಶಕಾರರೂ ಆ ಅರ್ಥವನ್ನು ಬೇರೆಯಾಗಿ ಗುರುತಿಸಬೇಕು. ಗ್ರೀಕ್ ಶಬ್ದವನ್ನು ಬಿಟ್ಟು ದೀಕ್ಷೆಯ ಹೆಸರನ್ನು ಹಿಡಿದ ಕನ್ನಡದ ಅನುವಾದಕರು, ತಿಳಿದೋ ತಿಳಿಯದೆಯೋ, ಕಲ್ಯಾಣದ ನೆಲದಲ್ಲಿ ಹಿಂದೆಯೇ ಕೇಳಲ್ಪಟ್ಟ ಪ್ರಶ್ನೆಯನ್ನು ತಮ್ಮ ಸಭೆಗಳ ಮುಂದೆ ಇರಿಸಿದರು. ಆ ಪ್ರಶ್ನೆಗೆ ಉತ್ತರವನ್ನು ಕೊಡಬೇಕಾದವರು ನೀರನ್ನು ಕೊಡುವವರು.